ಎಳ್ಳು-ಬೆಲ್ಲ ತಿಂದವಳು, ತಿನ್ನದವಳು: ಮನಸ್ಸಾಕ್ಷಿ ಬೇರೆಯಾದಾಗ ಸಭೆ ಒಂದಾಗಿ ಉಳಿಯುವುದು ಹೇಗೆ?

ಈ ಸಲ ಸಂಕ್ರಾಂತಿಯ ದಿನ ನನಗೆ ಪರಿಚಯದ ಒಂದು ಕ್ರೈಸ್ತ ಮನೆಗೆ ಪಕ್ಕದ ಮನೆಯ ಪುಟ್ಟ ಹುಡುಗಿ ಸ್ಟೀಲ್ ಡಬ್ಬಿ ತಂದುಕೊಟ್ಟಳು. ಒಳಗೆ ಎಳ್ಳು-ಬೆಲ್ಲ, ಎರಡು ಸಕ್ಕರೆ ಅಚ್ಚು, ಮೇಲೊಂದು ತುಂಡು ಕಬ್ಬು. ಆ ಮನೆಯಲ್ಲಿ ಅಕ್ಕ-ತಂಗಿ ಇಬ್ಬರೂ ಒಂದೇ ಚರ್ಚಿಗೆ ಹೋಗುವವರು. ತಂಗಿ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಅಕ್ಕ ಮುಟ್ಟಲಿಲ್ಲ. "ಅದು ಪೂಜೆಗೆ ಇಟ್ಟದ್ದು, ನನ್ನ ಕೈಲಾಗಲ್ಲ" ಅಂದಳು. "ಎಳ್ಳು ಎಳ್ಳೇ, ಬೆಲ್ಲ ಬೆಲ್ಲವೇ, ನಿನ್ನದು ಮೂಢನಂಬಿಕೆ" ಅಂದಳು ತಂಗಿ. "ನಿನಗೆ ದೇವರ ಭಯವೇ ಇಲ್ಲ" ಅಂದಳು ಅಕ್ಕ. ಅಲ್ಲಿಗೆ ಮಾತು ನಿಂತುಹೋಯಿತು.

ಇದಾಗಿ ಮೂರ್ನಾಲ್ಕು ದಿನಕ್ಕೆ ಜನವರಿ 18. ಅಂದಿನಿಂದ 25ರವರೆಗೆ ಲೋಕದ ಅನೇಕ ಕಡೆ ಬೇರೆಬೇರೆ ಪಂಗಡಗಳ ಕ್ರೈಸ್ತರು ಒಟ್ಟಿಗೆ ಸೇರಿ ಐಕ್ಯಕ್ಕಾಗಿ ಪ್ರಾರ್ಥಿಸುತ್ತಾರೆ. 1908ರಲ್ಲಿ ಶುರುವಾದ ರೂಢಿ ಇದು. ಆ ವಾರವೇ ಅಕ್ಕ-ತಂಗಿಯ ತಾಯಿ ನನ್ನನ್ನು ಕೇಳಿದರು: "ಒಂದು ಡಬ್ಬಿ ಎಳ್ಳಿಗೇ ನಮ್ಮ ಮನೆ ಎರಡಾಗುತ್ತೆ ಅಂದ್ರೆ, ಇಷ್ಟೊಂದು ಸಭೆಗಳು ಒಂದಾಗೋದು ಹೇಗೆ?" ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಕ್ರೈಸ್ತರಲ್ಲದವರಿಗೂ ಅರ್ಥವಾಗಲಿ ಅಂತ ಬುಡದಿಂದ ಶುರುಮಾಡುತ್ತೇನೆ.

ಮನಸ್ಸಾಕ್ಷಿ ಅಂದರೆ ಏನು?

ನಮ್ಮ ಕನ್ನಡ ಪದವೇ ಅರ್ಧ ಕೆಲಸ ಮಾಡಿಬಿಡುತ್ತದೆ. ಮನಸ್ಸು, ಸಾಕ್ಷಿ. ನಾನು ಮಾಡಿದ್ದನ್ನು ನನ್ನೊಳಗೇ ಕೂತು ನೋಡುತ್ತಿರುವ ಒಬ್ಬ ಸಾಕ್ಷಿದಾರ. ಬೈಬಲಿನ ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿ ಬರೆದದ್ದು. ಅಲ್ಲಿ ಇದಕ್ಕೆ ಬಳಸಿದ ಪದದ ಮೂಲ ಅರ್ಥ "ಜೊತೆಗಿದ್ದು ತಿಳಿದಿರುವುದು". ಹೆಚ್ಚುಕಡಿಮೆ ಅದೇ.

ಆದರೆ ಸಾಕ್ಷಿದಾರ ಬೇರೆ, ನ್ಯಾಯಾಧೀಶ ಬೇರೆ. ಸಾಕ್ಷಿದಾರನು ತಾನು ಕಂಡಷ್ಟನ್ನು ಹೇಳುತ್ತಾನೆ. ಕತ್ತಲಲ್ಲಿ ನೋಡಿದ್ದರೆ ತಪ್ಪಾಗಿಯೂ ಹೇಳಬಹುದು. ಹಾಗೆಂದು ಅವನ ಬಾಯಿ ಮುಚ್ಚಿಸಿದರೆ ನ್ಯಾಯ ಸಿಗುತ್ತದೆಯೇ? ಇಲ್ಲ ಅಲ್ವಾ. ಬೆಳಕು ತಂದು ಇನ್ನೊಮ್ಮೆ ನೋಡು ಅನ್ನಬೇಕು. ಮನಸ್ಸಾಕ್ಷಿಯ ವಿಷಯದಲ್ಲಿ ಕ್ರೈಸ್ತ ಸಭೆ ಹೇಳುತ್ತಾ ಬಂದಿರುವ ಎರಡು ಮಾತೂ ಇದರಲ್ಲೇ ಇವೆ. ಒಂದು, ಅದು ತಪ್ಪಬಹುದು, ಆದ್ದರಿಂದ ಕಲಿಯುತ್ತಾ ಇರಬೇಕು. ಇನ್ನೊಂದು, ಅದನ್ನು ಬಲವಂತದಿಂದ ತುಳಿಯಬಾರದು.

ಇಲ್ಲಿ "ಸಭೆ" ಅಂದರೆ ಮೀಟಿಂಗ್ ಅಲ್ಲ. ವಿಶ್ವಾಸಿಗಳ ಕೂಟಕ್ಕೆ ಕನ್ನಡ ಕ್ರೈಸ್ತರು ಹೇಳುವ ಹೆಸರು ಅದು. ಒಂದು ಊರಿನ ಸಭೆಯೂ ಸಭೆಯೇ, ಲೋಕದ ಎಲ್ಲ ಕ್ರೈಸ್ತರೂ ಸೇರಿ ಆಗುವುದೂ ಸಭೆಯೇ.

ಜಗಳ ಹೊಸದಲ್ಲ: ರೋಮಿನ ಊಟದ ಮೇಜು

ಸುಮಾರು ಕ್ರಿ.ಶ. 57ರಲ್ಲಿ, ಊರೂರು ತಿರುಗಿ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ರೋಮಿನ ಕ್ರೈಸ್ತರಿಗೆ ಒಂದು ದೊಡ್ಡ ಪತ್ರ ಬರೆದನು. ಅದರ 14ನೆಯ ಅಧ್ಯಾಯ ಪೂರ್ತಿ ಊಟದ ಜಗಳದ ಬಗ್ಗೆ. ಕೆಲವರು ಎಲ್ಲವನ್ನೂ ತಿನ್ನುತ್ತಿದ್ದರು, ಕೆಲವರು ತರಕಾರಿ ಮಾತ್ರ. ಕೆಲವರಿಗೆ ಕೆಲವು ದಿನಗಳು ವಿಶೇಷ, ಇನ್ನು ಕೆಲವರಿಗೆ ಎಲ್ಲ ದಿನವೂ ಒಂದೇ.

ಹೀಗೇಕಾಯಿತು? ಇದರ ಹಿಂದೆ ಒಂದು ಕಥೆ ಇದೆ ಅಂತ ಅನೇಕ ವಿದ್ವಾಂಸರು ಹೇಳುತ್ತಾರೆ. ಸುಮಾರು 49ರಲ್ಲಿ ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ. ಅಲ್ಲಿನ ಮೊದಲ ಕ್ರೈಸ್ತರಲ್ಲಿ ಜಾಸ್ತಿ ಮಂದಿ ಯೆಹೂದ್ಯರೇ ಆಗಿದ್ದರು. ಅವರು ಹೋದ ಮೇಲೆ ಮನೆಮನೆಯ ಸಭೆಗಳು ಯೆಹೂದ್ಯರಲ್ಲದವರ ಕೈಗೆ ಬಂದವು. 54ರಲ್ಲಿ ಕ್ಲೌದಿಯ ಸತ್ತ ಮೇಲೆ ಹಳಬರು ಒಬ್ಬೊಬ್ಬರಾಗಿ ತಿರುಗಿ ಬಂದರು. ಬಂದು ನೋಡಿದರೆ ಅಡುಗೆ ಬದಲಾಗಿದೆ, ಯೆಹೂದ್ಯರ ವಾರದ ವಿಶ್ರಾಂತಿ ದಿನವಾದ ಸಬ್ಬತ್ತನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಮಾರುಕಟ್ಟೆಯ ಮಾಂಸ ಯಾವ ಪ್ರಾಣಿಯದೋ, ಹೇಗೆ ಕೊಂದದ್ದೋ, ಯಾವ ಗುಡಿಯಲ್ಲಿ ಬಲಿ ಕೊಟ್ಟದ್ದೋ ಗೊತ್ತಿಲ್ಲ. ಅದಕ್ಕಿಂತ ಸುಮ್ನೆ ತರಕಾರಿ ತಿಂದುಕೊಂಡು ಇರುವುದೇ ವಾಸಿ ಅನ್ನಿಸಿರಬೇಕು.

ಈಗ ಪೌಲ ಹೇಳಿದ್ದನ್ನು ನಿಧಾನವಾಗಿ ನೋಡಿ, ನನ್ನ ಮಟ್ಟಿಗೆ ಇಡೀ ವಿಷಯದ ಬೇರು ಇಲ್ಲೇ ಇದೆ. ಅವನು ಎರಡೂ ಕಡೆಯವರಿಗೆ ಒಂದೇ ಬುದ್ಧಿ ಹೇಳುವುದಿಲ್ಲ. ತಿನ್ನುವವನಿಗೆ, ತಿನ್ನದವನನ್ನು ಹೀಯಾಳಿಸಬೇಡ ಅನ್ನುತ್ತಾನೆ. ತಿನ್ನದವನಿಗೆ, ತಿನ್ನುವವನ ಮೇಲೆ ತೀರ್ಪು ಹಾಕಬೇಡ ಅನ್ನುತ್ತಾನೆ. ಯಾಕೆಂದರೆ ಇಬ್ಬರೂ ಜಾರುವ ಜಾಗ ಬೇರೆಬೇರೆ. ಬಿಡುಬೀಸಾಗಿ ಇರುವವನಿಗೆ "ಇವನೊಬ್ಬ ದಡ್ಡ" ಅನ್ನಿಸುತ್ತದೆ. ಕಟ್ಟುನಿಟ್ಟಾಗಿ ಇರುವವನಿಗೆ "ಇವನೊಬ್ಬ ಪಾಪಿ" ಅನ್ನಿಸುತ್ತದೆ. ಅಕ್ಕ-ತಂಗಿಯ ಜಗಳ ನೆನಪಿಸಿಕೊಳ್ಳಿ. "ಮೂಢನಂಬಿಕೆ" ಅಂದವಳು ತಿಂದವಳು. "ದೇವರ ಭಯ ಇಲ್ಲ" ಅಂದವಳು ತಿನ್ನದವಳು. ಎರಡು ಸಾವಿರ ವರ್ಷ ಕಳೆದರೂ ಮಾತು ಬದಲಾಗಿಲ್ಲ.

ಮುಂದಿನ ಹೆಜ್ಜೆ ಇನ್ನೂ ಮುಖ್ಯ. ಬೇರೊಬ್ಬರ ಮನೆಯ ಆಳಿನ ಮೇಲೆ ತೀರ್ಪು ಹೇಳಲು ನೀನು ಯಾರು ಅಂತ ಪೌಲ ಕೇಳುತ್ತಾನೆ. ಪಕ್ಕದ ಅಂಗಡಿಯ ಕೆಲಸದ ಹುಡುಗ ಬೆಳಗ್ಗೆ ಎಷ್ಟು ಗಂಟೆಗೆ ಬಂದ ಅಂತ ನಾನು ಗದರಿಸಲು ಹೋದರೆ ಹೇಗಿರುತ್ತದೆ? ಅವನು ಲೆಕ್ಕ ಕೊಡಬೇಕಾದ್ದು ಅವನ ಯಜಮಾನನಿಗೆ. ತಿನ್ನುವವನೂ ದೇವರಿಗೆ ಸ್ತೋತ್ರ ಹೇಳಿ ತಿನ್ನುತ್ತಾನೆ, ಬಿಡುವವನೂ ದೇವರಿಗಾಗಿಯೇ ಬಿಡುತ್ತಾನೆ.

ಪೌಲ ಯಾವ ಕಡೆ? ಅದನ್ನೂ ಮುಚ್ಚಿಡುವುದಿಲ್ಲ. ಯಾವ ಪದಾರ್ಥವೂ ತನ್ನಷ್ಟಕ್ಕೆ ಅಶುದ್ಧವಲ್ಲ ಅನ್ನುತ್ತಾನೆ, ಎಲ್ಲವನ್ನೂ ತಿನ್ನುವ "ಬಲವುಳ್ಳವರ" ಜೊತೆ ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ಆದರೂ ಹೆಚ್ಚಿನ ಹೊರೆಯನ್ನು ಆ ಬಲವುಳ್ಳವರ ತಲೆಯ ಮೇಲೇ ಇಡುತ್ತಾನೆ. ಇದು ನನಗೆ ಪ್ರತಿ ಸಲವೂ ಆಶ್ಚರ್ಯ ತರುತ್ತದೆ. ಸರಿ ಯಾರದು ಅಂತ ಗೊತ್ತಾದ ಮೇಲೂ ಬಗ್ಗಬೇಕಾದವನು ಸರಿಯಿದ್ದವನೇ!

ಪೂಜೆಗೆ ಇಟ್ಟದ್ದನ್ನು ತಿನ್ನಬಹುದೇ?

ಕರ್ನಾಟಕದ ಕ್ರೈಸ್ತರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ವರ್ಷಕ್ಕೆ ಹತ್ತು ಸಲ ಬಾಗಿಲಿಗೇ ಬರುತ್ತದೆ: ಗಣೇಶನ ಹಬ್ಬದ ಕಡುಬು, ಆಯುಧಪೂಜೆಯ ದಿನ ಆಫೀಸಿನಲ್ಲಿ ಹಂಚುವ ಪುರಿ-ಸಿಹಿ, ಸಂಕ್ರಾಂತಿಯ ಎಳ್ಳು.

ಕೊರಿಂಥ ಪಟ್ಟಣದಲ್ಲೂ ಹೀಗೇ ಇತ್ತು. ಅಲ್ಲಿ ಗುಡಿಯಲ್ಲಿ ಬಲಿಯಾದ ಪ್ರಾಣಿಯ ಒಂದು ಪಾಲು ಬೆಂಕಿಗೆ, ಒಂದು ಪಾಲು ಪೂಜಾರಿಗೆ, ಉಳಿದದ್ದು ಊಟಕ್ಕೆ ಅಥವಾ ಮಾರುಕಟ್ಟೆಗೆ. ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಇದನ್ನು ಬಿಡಿಸುತ್ತಾನೆ. ಗುಡಿಯ ಪೂಜೆಯಲ್ಲೇ ಪಾಲುಗೊಂಡು ಅಲ್ಲಿನ ಊಟಕ್ಕೆ ಕೂರುವುದು ಬೇಡ. ಮಾರುಕಟ್ಟೆಯಲ್ಲಿ ಸಿಕ್ಕಿದ್ದನ್ನು ವಿಚಾರಿಸದೆ ತಿನ್ನಬಹುದು. ಬೇರೆಯವರ ಮನೆಗೆ ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಬಹುದು, ಆದರೆ ಯಾರಾದರೂ "ಇದು ಬಲಿಗೆ ಅರ್ಪಿಸಿದ್ದು" ಅಂತ ಹೇಳಿದರೆ ಬಿಡಬೇಕು. ಯಾರಿಗೋಸ್ಕರ? ಹೇಳಿದವನ ಮನಸ್ಸಾಕ್ಷಿಗೋಸ್ಕರ.

ನೆರೆಮನೆಯ ಡಬ್ಬಿ ಇದರಲ್ಲಿ ಎಲ್ಲಿಗೆ ಬೀಳುತ್ತದೆ? ಇಲ್ಲೇ ಕ್ರೈಸ್ತರು ಎರಡಾಗುವುದು. ತಿನ್ನುವವರು, ಇದು ಸ್ನೇಹಕ್ಕೆ ಕೊಟ್ಟದ್ದು, ಮಾರುಕಟ್ಟೆಯ ಮಾಂಸದ ಹಾಗೆ, ವಿಗ್ರಹದಿಂದ ಬೆಲ್ಲಕ್ಕೆ ಏನೂ ಆಗುವುದಿಲ್ಲ ಅನ್ನುತ್ತಾರೆ. ತಿನ್ನದವರು ಅದೇ 10ನೆಯ ಅಧ್ಯಾಯದಲ್ಲಿ ದೇವರ ಮೇಜು, ವಿಗ್ರಹಪೂಜೆಯ ಮೇಜು ಎರಡರಲ್ಲೂ ಪಾಲುಗೊಳ್ಳಬಾರದು ಅಂತ ಇರುವುದನ್ನು ತೋರಿಸುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 15ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಅಂತ ಪತ್ರ ಬರೆದದ್ದನ್ನೂ ತೋರಿಸುತ್ತಾರೆ. ಇಬ್ಬರ ಕೈಯಲ್ಲೂ ಅದೇ ಬೈಬಲ್ ಇದೆ. ಇಬ್ಬರಲ್ಲಿ ಯಾರೂ ಸುಮ್ಮನೆ ಹಟ ಹಿಡಿದವರಲ್ಲ.

ಎಡವುವುದು ಬೇರೆ, ಮುನಿಸಿಕೊಳ್ಳುವುದು ಬೇರೆ

ಒಂದು ಪದವನ್ನು ಇಲ್ಲಿ ಜಾಸ್ತಿ ತಪ್ಪು ತಿಳಿಯುತ್ತಾರೆ. ತಮ್ಮನು ಎಡವಿ ಬೀಳುವ ಹಾಗೆ ಮಾಡಬೇಡ ಅಂತ ಪೌಲ ಹೇಳುತ್ತಾನಲ್ಲ, ಅದನ್ನು ಹಿಡಿದುಕೊಂಡು "ನೀನು ಹೀಗೆ ಬಟ್ಟೆ ಹಾಕಿದ್ದು ನನಗೆ ಎಡವುಗಲ್ಲು, ನೀನು ಒಡವೆ ಹಾಕಿದ್ದು ನನಗೆ ಎಡವುಗಲ್ಲು" ಅಂತ ಹೇಳುವವರಿದ್ದಾರೆ. ಪೌಲ ಹೇಳಿದ್ದು ಅದಲ್ಲ. ಎಡವುವುದು ಅಂದರೆ ನಿನ್ನನ್ನು ನೋಡಿ, ನಿನ್ನ ಮಾತಿಗೆ ನಾಚಿ, ಅವನು ತನ್ನ ಮನಸ್ಸು ಒಪ್ಪದ್ದನ್ನು ಮಾಡಿಬಿಡುವುದು. ಕುಡಿತ ಬಿಟ್ಟು ಆರು ತಿಂಗಳಾದವನ ಮುಂದೆ ಮದುವೆ ಮನೆಯಲ್ಲಿ ಗ್ಲಾಸ್ ಹಿಡಿದು "ಒಂದು ಗುಟುಕಿಗೆ ಏನಾಗುತ್ತೆ" ಅಂದರೆ, ಅದು ಎಡವಿಸುವುದು. ನನಗೆ ಇಷ್ಟವಾಗಲಿಲ್ಲ ಅನ್ನುವುದು ಬರೀ ಮುನಿಸು.

ಹಾಗಾಗಿ ತಂಗಿ ಎಳ್ಳು ತಿಂದದ್ದರಿಂದ ಅಕ್ಕ ಎಡವಲಿಲ್ಲ. "ತಿನ್ನದಿದ್ದರೆ ನೀನು ಹಳೇಕಾಲದವಳು" ಅಂತ ಚುಚ್ಚಿ ಚುಚ್ಚಿ ತಿನ್ನಿಸಿದ್ದರೆ ಎಡವಿಸಿದ ಹಾಗೆ.

ಎಲ್ಲವೂ ಮನಸ್ಸಾಕ್ಷಿಯ ವಿಷಯವೇ?

ಅಲ್ಲ. ಇದನ್ನು ಹೇಳದೆ ಬಿಟ್ಟರೆ ಮೇಲಿನದೆಲ್ಲ ಅಪಾಯದ ಮಾತಾಗುತ್ತದೆ.

ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರ ಮೊದಲು ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನಿಂದ ಕೆಲವು ಯೆಹೂದ್ಯ ವಿಶ್ವಾಸಿಗಳು ಬಂದ ಕೂಡಲೇ ಎದ್ದು ಬೇರೆ ಕೂತ. ಇದೂ ಊಟದ ವಿಷಯವೇ ಅಲ್ವಾ? ಆದರೆ ಪೌಲ ಇಲ್ಲಿ "ಅವರವರ ಮನಸ್ಸಿಗೆ ಬಿಟ್ಟದ್ದು" ಅನ್ನಲಿಲ್ಲ. ಎಲ್ಲರ ಮುಂದೆ ಪೇತ್ರನನ್ನು ಎದುರಿಸಿದ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಇದಿದೆ. ರೋಮಿನಲ್ಲಿ ಪ್ರಶ್ನೆ ಇದ್ದದ್ದು ತಟ್ಟೆಯಲ್ಲಿ ಏನಿದೆ ಅನ್ನುವುದು. ಅಂತಿಯೋಕ್ಯದಲ್ಲಿ ಪ್ರಶ್ನೆ ಪಕ್ಕದಲ್ಲಿ ಯಾರು ಕೂರಬಹುದು ಅನ್ನುವುದು. ನಾನೇನು ಬಿಡುತ್ತೇನೆ ಅನ್ನುವುದು ನನ್ನ ಮನಸ್ಸಾಕ್ಷಿ. ನಿನ್ನ ಜೊತೆ ಕೂರುವುದಿಲ್ಲ ಅಂದ ಕೂಡಲೇ ಅದು ನಿನ್ನನ್ನು ಕೀಳು ಮಾಡಿದ ಹಾಗೆ.

ಈ ಗೆರೆ ಅಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಕಥೆ ಸಾಕು. 1857ರಲ್ಲಿ ಅಲ್ಲಿನ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್, ಅಂದರೆ ಆಡಳಿತ ಮಂಡಳಿ, ಒಂದು ತೀರ್ಮಾನ ಮಾಡಿತು. ಕರಿಯರೂ ಬಿಳಿಯರೂ ಒಟ್ಟಿಗೆ ಆರಾಧಿಸುವುದೇ ಬೈಬಲಿಗೆ ಒಪ್ಪುವುದು, ಆದರೆ "ಕೆಲವರ ಬಲಹೀನತೆಯ ದೆಸೆಯಿಂದ" ಬೇರೆ ಕಟ್ಟಡದಲ್ಲಿ ಬೇರೆ ಆರಾಧನೆ ನಡೆಸಬಹುದು ಅಂದಿತು. ಬಲಹೀನರು ಅನ್ನುವ ಪದ ಪೌಲ ರೋಮಿನವರಿಗೆ ಬರೆದ ಪತ್ರದ್ದೇ, ಅಲ್ಲಿ ತಿನ್ನದವರ ಬಗ್ಗೆ ಹೇಳಿದ್ದು! ಕರುಣೆಯಿಂದ ಬರೆದ ಪದವನ್ನು ತಂದು ಗೋಡೆ ಕಟ್ಟಿದರು. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಬೇರೆಯಾಯಿತು, 1881ರಲ್ಲಿ ಸಭೆಯೇ ಬೇರೆಯಾಯಿತು. ಮುಂದೆ ಇಡೀ ದೇಶವನ್ನು ಬಣ್ಣದ ಮೇಲೆ ಭಾಗಮಾಡಿದಾಗ ಅದಕ್ಕೆ ದೇವರ ಹೆಸರಿನ ಬೆಂಬಲವೂ ಸಿಕ್ಕಿತು. 1982ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ಲೋಕದ ರಿಫಾರ್ಮ್ಡ್ ಸಭೆಗಳ ಒಕ್ಕೂಟ, ವರ್ಣಭೇದವನ್ನು ಬೈಬಲಿನಿಂದ ಸಮರ್ಥಿಸುವುದು ಸುಳ್ಳುಬೋಧನೆ ಅಂತ ಸಾರಿತು. ಒಂದು ತಪ್ಪು ರಿಯಾಯಿತಿಯನ್ನು ತಪ್ಪು ಅನ್ನಲು 125 ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಜಾತಿಯ ರೂಪದಲ್ಲಿ ಬಂತು. ಸಭೆಯೊಳಗೆ ಜಾತಿಗೊಂದು ಜಾಗ ಮಾಡಿ ಕೂರಿಸುವ ರೂಢಿ ಇದ್ದಾಗ, 1833ರಲ್ಲಿ ಕಲ್ಕತ್ತಾದ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದ ಸಭೆಯಲ್ಲಿ ಕೂಡದು, ಈಗಿಂದೀಗಲೇ ಬಿಡಬೇಕು ಅಂತ ಆಜ್ಞೆ ಕಳಿಸಿದರು. ತಂಜಾವೂರಿನ ಕಡೆ ಅನೇಕರು ಸಿಟ್ಟಾಗಿ ಹೊರಟುಹೋದರು. ಅದನ್ನು ಸಂಪ್ರದಾಯ ಅಂದರು, ಮನಸ್ಸಿಗೆ ಬಿಟ್ಟದ್ದು ಅಂದರು. ಬಿಷಪ್ ಒಪ್ಪಲಿಲ್ಲ. ಇಂದಿಗೂ ಕೆಲವು ಕಡೆ ಸ್ಮಶಾನದಲ್ಲಿ, ಮದುವೆಯ ಮಾತುಕತೆಯಲ್ಲಿ ಇದು ಉಳಿದಿದೆ ಅನ್ನುವುದನ್ನು ನೋವಿನಿಂದಲೇ ಹೇಳಬೇಕು.

ದಕ್ಷಿಣ ಭಾರತದ ಪ್ರಯೋಗ

ಒಂದು ಮನೆಯಲ್ಲಿ ಹೊಂದಿಕೊಂಡು ಹೋಗಬಹುದು. ಲಕ್ಷಾಂತರ ಜನರ ಸಭೆಯಲ್ಲಿ ಹೇಗೆ? ಇದಕ್ಕೆ ಲೋಕವೇ ತಿರುಗಿ ನೋಡಿದ ಒಂದು ಉತ್ತರ ನಮ್ಮ ಪಕ್ಕದಲ್ಲೇ ಹುಟ್ಟಿತು.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆಬೇರೆ ಸಭೆಗಳ ಕೆಲವರು ಸೇರಿದರು. ಬಹುಮಟ್ಟಿಗೆ ಭಾರತೀಯರೇ. ಮುಂದೆ ನಿಂತವರಲ್ಲಿ ಒಬ್ಬರು ವಿ.ಎಸ್. ಅಜರಯ್ಯ, 1912ರಲ್ಲಿ ದೋರ್ನಕಲ್ಲಿಗೆ ನೇಮಕವಾದ, ಆಂಗ್ಲಿಕನ್ ಸಭೆಯ (ಇಂಗ್ಲೆಂಡಿನಿಂದ ಬಂದ ಸಭೆ) ಮೊದಲ ಭಾರತೀಯ ಬಿಷಪ್. ಅವರ ದುಃಖ ಸರಳವಾಗಿತ್ತು. ನಮ್ಮನ್ನು ಬೇರೆಮಾಡಿರುವ ಗೋಡೆಗಳು ಇಂಗ್ಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ ಕಟ್ಟಿದವು. ಆ ಜಗಳ ನಾವು ಆಡಿದ್ದಲ್ಲ, ನಮಗೆ ಬಳುವಳಿಯಾಗಿ ಬಂದದ್ದು.

ಮಾತುಕತೆ 28 ವರ್ಷ ನಡೆಯಿತು. ಅಷ್ಟು ಕಾಲ ಯಾಕೆ? ಮುಖ್ಯ ಗಂಟು ಪಾಸ್ಟರ್‌ಗಳ ನೇಮಕದ್ದು. ಆಂಗ್ಲಿಕನ್ನರಲ್ಲಿ ಬಿಷಪ್ ತಲೆಯ ಮೇಲೆ ಕೈಯಿಟ್ಟು ಅಭಿಷೇಕ ಮಾಡಬೇಕು. ಪ್ರೆಸ್ಬಿಟೇರಿಯನ್ನರಲ್ಲಿ ಹಿರಿಯರ ಮಂಡಳಿ ಸಾಕು. ಮೆಥೊಡಿಸ್ಟರದು ಇನ್ನೊಂದು ಕ್ರಮ, ಕಾಂಗ್ರಿಗೇಷನಲ್ ಸಭೆಗಳದು ಮತ್ತೊಂದು. "ನಿಮ್ಮವರಿಗೆ ನಮ್ಮ ಬಿಷಪ್ ಮತ್ತೆ ಅಭಿಷೇಕ ಮಾಡಲಿ" ಅಂದರೆ ಇಲ್ಲಿಯವರೆಗಿನ ಸೇವೆ ಲೆಕ್ಕಕ್ಕಿಲ್ಲ ಅಂದಹಾಗಾಗುತ್ತದೆ. "ಯಾರೂ ಬೇಡ" ಅಂದರೆ ಇನ್ನೊಬ್ಬರ ಮನಸ್ಸಾಕ್ಷಿ ಒಪ್ಪುವುದಿಲ್ಲ.

ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು. ಇರುವ ಪಾಸ್ಟರ್‌ಗಳೆಲ್ಲ ಹಾಗೆಯೇ ಪಾಸ್ಟರ್‌ಗಳು, ಯಾರಿಗೂ ಮರು ಅಭಿಷೇಕವಿಲ್ಲ. ಇನ್ನು ಮುಂದೆ ಬರುವ ಹೊಸಬರಿಗೆಲ್ಲ ಬಿಷಪ್‌ಗಳೇ ಅಭಿಷೇಕ ಮಾಡುತ್ತಾರೆ. ಮೊದಲ 30 ವರ್ಷ ಎರಡೂ ಬಗೆಯವರು ಜೊತೆಗಿರಲಿ, ಆಮೇಲೆ ಏನು ಅನ್ನುವುದನ್ನು ಒಟ್ಟಿಗೆ ಬೆಳೆದ ಸಭೆಯೇ ತೀರ್ಮಾನಿಸಲಿ. ಕಾಲಕ್ಕೆ ಒಂದಿಷ್ಟು ಕೆಲಸ ಬಿಟ್ಟುಕೊಟ್ಟರು ಅನ್ನಿ.

ಇದರ ಜೊತೆಗೆ ಒಂದು ವಾಗ್ದಾನ ಬರೆದುಕೊಂಡರು. ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ, ಅಥವಾ ಅದರ ಮನಸ್ಸಾಕ್ಷಿ ಒಪ್ಪದ ಆರಾಧನೆಯನ್ನಾಗಲಿ ಪಾಸ್ಟರ್‌ನನ್ನಾಗಲಿ ಹೇರುವುದಿಲ್ಲ. ಮನಸ್ಸಾಕ್ಷಿಯನ್ನು ಅಧಿಕಾರಿಗಳೂ ತುಳಿಯಬಾರದು, ಬಹುಮತವೂ ತುಳಿಯಬಾರದು. ಬಹುಮತ ಅನ್ನುವ ಪದವನ್ನು ಗಮನಿಸಿ. ದೇಶ ಆಗತಾನೇ ಪ್ರಜಾಪ್ರಭುತ್ವದ ಕಡೆ ಹೊರಟಿದ್ದ ಹೊತ್ತಿನಲ್ಲಿ, ಕೈ ಎತ್ತಿಸಿ ಎಣಿಸಿ ಇನ್ನೊಬ್ಬರ ಮನಸ್ಸಾಕ್ಷಿಯನ್ನು ತೀರ್ಮಾನಿಸಲು ಆಗುವುದಿಲ್ಲ ಅಂತ ಇವರು ಬರೆದಿಟ್ಟರು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿ.ಎಸ್.ಐ., ಅಂದರೆ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. ಅಜರಯ್ಯ ಅದನ್ನು ನೋಡಲಿಲ್ಲ, 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಎಲ್ಲರೂ ಒಳಗೆ ಬರಲೂ ಇಲ್ಲ. ಆಂಧ್ರದ ನಂದ್ಯಾಲದ ಕಡೆ ಸಾವಿರಾರು ಆಂಗ್ಲಿಕನ್ನರು ತಮ್ಮ ಮನಸ್ಸಾಕ್ಷಿಯ ಕಾರಣಕ್ಕೇ ಆಗ ಹೊರಗೆ ಉಳಿದರು. 1948ರಲ್ಲಿ ಲಂಡನ್ನಿನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್‌ಗಳಲ್ಲೂ ಈ ಹೊಸ ಸಭೆಯ ಅಭಿಷೇಕಗಳನ್ನು ಒಪ್ಪುವ ಬಗ್ಗೆ ಒಮ್ಮತ ಬರಲಿಲ್ಲ. ಐಕ್ಯಕ್ಕೂ ಬೆಲೆ ಕೊಡಬೇಕಾಗುತ್ತದೆ.

ಇವತ್ತು ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಮಂಗಳೂರು ಕೇಂದ್ರವಾಗಿ ಈ ಸಭೆಯ ಮೂರು ಸಭಾಪ್ರಾಂತಗಳಿವೆ. ಮಂಗಳೂರು, ಧಾರವಾಡದ ಕಡೆಯ ಅನೇಕ ಸಭೆಗಳ ಮೂಲ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ ತಾನೇ ಒಂದು ಮಿಶ್ರಣ, ಅದರಲ್ಲಿ ಜರ್ಮನಿಯ ಲೂಥರನ್ನರೂ ಇದ್ದರು, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಕ್ರೈಸ್ತರೂ ಇದ್ದರು. ಈ ಎರಡು ಕಡೆಯ ಮೊದಲ ಹಿರಿಯರಾದ ಲೂಥರ್ ಮತ್ತು ಜ್ವಿಂಗ್ಲಿ 1529ರಲ್ಲಿ ಮಾರ್‌ಬುರ್ಗಿನಲ್ಲಿ ಭೇಟಿಯಾಗಿ, ಹದಿನೈದರಲ್ಲಿ ಹದಿನಾಲ್ಕು ವಿಷಯಗಳನ್ನು ಒಪ್ಪಿ, ಕರ್ತನ ಭೋಜನದ ವಿಷಯದಲ್ಲಿ ಒಪ್ಪದೆ ಬೇರೆಯಾಗಿದ್ದರು. ಯೂರೋಪಿನ ಆ ಎರಡು ಕಡೆಯ ಸಭೆಗಳು ಒಂದೇ ಮೇಜಿಗೆ ಬರಲು ಬಾಸೆಲ್ ಸಮೀಪದ ಲಾಯನ್‌ಬೆರ್ಗಿನಲ್ಲಿ ಒಪ್ಪಂದ ಆದದ್ದು 1973ರಲ್ಲಿ. ಮಂಗಳೂರಿನಲ್ಲಿ ಅದಕ್ಕೂ ಬಹಳ ಮೊದಲೇ ಜೊತೆಯಾಗಿ ಕೆಲಸ ಮಾಡುತ್ತಿದ್ದರು.

ಮಗುವಿಗೆ ದೀಕ್ಷಾಸ್ನಾನವೋ, ದೊಡ್ಡವರಾದ ಮೇಲೋ?

ಎಳ್ಳಿಗಿಂತ ಗಟ್ಟಿಯಾದ ಪ್ರಶ್ನೆ ಇದು. ದೀಕ್ಷಾಸ್ನಾನ ಅಂದರೆ ನೀರಿನಿಂದ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ. ಕೆಲವು ಸಭೆಗಳು ಅದನ್ನು ಶಿಶುಗಳಿಗೇ ಕೊಡುತ್ತವೆ. ಬ್ಯಾಪ್ಟಿಸ್ಟ್ ಮೊದಲಾದವರು, ತಾನಾಗಿ ನಂಬಿ ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ಅನ್ನುತ್ತಾರೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತದ ಸಭೆ, ಸಿ.ಎನ್.ಐ., ಹುಟ್ಟಿದಾಗ ಈ ಎರಡೂ ಕಡೆಯವರು ಅದರಲ್ಲಿ ಸೇರಿದರು. ಎರಡು ಕ್ರಮಗಳನ್ನೂ ಒಂದೇ ಸಭೆಯೊಳಗೆ ಒಪ್ಪಿಕೊಂಡರು. ಮಗುವಿಗೆ ದೀಕ್ಷಾಸ್ನಾನ ಕೊಡಲು ಒಬ್ಬ ಪಾಸ್ಟರ್‌ನ ಮನಸ್ಸಾಕ್ಷಿ ಒಪ್ಪದಿದ್ದರೆ ಅವರನ್ನು ಬಲವಂತ ಮಾಡುವುದಿಲ್ಲ, ಬೇರೆ ಪಾಸ್ಟರ್ ಬಂದು ಮಾಡುತ್ತಾರೆ. ಪಾಸ್ಟರ್‌ನ ಮನಸ್ಸೂ ಉಳಿಯಿತು, ತಂದೆತಾಯಿಯ ಆಸೆಯೂ ಉಳಿಯಿತು.

ಹಾಗಂತ ಎಲ್ಲವೂ ಬಗೆಹರಿದಿಲ್ಲ. ಕ್ಯಾಥೊಲಿಕ್ಕರೂ ಪ್ರಾಟೆಸ್ಟೆಂಟರೂ ಇಂದಿಗೂ ಸಾಮಾನ್ಯವಾಗಿ ಒಂದೇ ಬಲಿಪೀಠದಲ್ಲಿ ಪ್ರಸಾದ ಸ್ವೀಕರಿಸುವುದಿಲ್ಲ. ಅನೇಕ ಪೆಂತೆಕೋಸ್ತ್ ಸಭೆಗಳು ಶಿಶು ದೀಕ್ಷಾಸ್ನಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮದುವೆಯ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಕಣ್ಣೀರು.

ಆ ಡಬ್ಬಿ

ಇಷ್ಟೆಲ್ಲ ಹೇಳಿದ ಮೇಲೆ ಆ ತಾಯಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ, "ಹಾಗಾದ್ರೆ ಇಬ್ರೂ ಸರಿ ಅಂತೀರಾ?" ಅಂದರು. ಇಬ್ಬರೂ ಸರಿ ಅಂತ ಪೌಲನೂ ಹೇಳಲಿಲ್ಲ ಅಮ್ಮ, ಒಬ್ಬರನ್ನೊಬ್ಬರು ಸೇರಿಸಿಕೊಳ್ಳಿ ಅಂತ ಹೇಳಿದ ಅಂದೆ.

ಆ ಭಾನುವಾರ ಡಬ್ಬಿ ವಾಪಸ್ ಕೊಡಬೇಕಿತ್ತು. ಖಾಲಿ ಡಬ್ಬಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮನೆಯಲ್ಲಿ ರವೆ ಉಂಡೆ ಕಟ್ಟಿದವಳು ತಂಗಿ. ಅದನ್ನು ತುಂಬಿ ಪಕ್ಕದ ಮನೆಗೆ ಹೋಗಿ, ಒಳಗೆ ಕೂತು ಕಾಫಿ ಕುಡಿದು, ಅರ್ಧ ಗಂಟೆ ಮಾತಾಡಿ ಬಂದವಳು ಅಕ್ಕ.